ನಾಲ್ಕರ ಕಿಕ್ ಮೇಲೆ ಏಳರ ತ್ರಿವುಡೆ: ಲೂಪ್ ಕಟ್ಟುವ ಕ್ರಮ

ಯಕ್ಷಗಾನದ ಹಿಮ್ಮೇಳ ಕೇಳಿ ಬೆಳೆದ ಉಡುಪಿ, ಮಂಗಳೂರಿನ ಕಿವಿಗೆ ಏಳಕ್ಷರದ ತ್ರಿವುಡೆ ಹೊಸದಲ್ಲ. ತೊಡಕು ಇರುವುದು ಸಂಗೀತ ಕಟ್ಟುವ ಸಾಫ್ಟ್‌ವೇರ್‌ನಲ್ಲಿ. ಬೇರೆ ಹೇಳದಿದ್ದರೆ ಅದು ಎಲ್ಲವನ್ನೂ ನಾಲ್ಕರ ಲೆಕ್ಕಕ್ಕೇ ಎಳೆಯುತ್ತದೆ.

ಪ್ರಾಜೆಕ್ಟ್ 4/4ರಲ್ಲೇ ಇರಲಿ (ನಾಲ್ಕು ಬೀಟಿಗೆ ಒಂದು ಬಾರ್), ವೇಗ 120 ಬಿಪಿಎಂ, ಅಂದರೆ ನಿಮಿಷಕ್ಕೆ 120 ಬೀಟು. ಮೊದಲ ಟ್ರ್ಯಾಕಿನಲ್ಲಿ ಬೀಟಿಗೊಂದು ಕಿಕ್ (ಬಾಸ್ ಡ್ರಮ್ಮಿನ ಪೆಟ್ಟು). ಇದನ್ನು ಕೊನೆತನಕ ಕದಲಿಸಬೇಡಿ. ಎರಡನೆಯದರಲ್ಲಿ ಅರ್ಧ ಬೀಟಿಗೊಂದರಂತೆ ಏಳಕ್ಷರ: ತಕಿಟ ತಕಧಿಮಿ. ಬಾರ್‌ಗೆ 16 ಮನೆಯಿರುವ ಹದಿನಾರರ ಗ್ರಿಡ್ಡಿನಲ್ಲಿ ಇದಕ್ಕೆ 14 ಮನೆ. ಸಾಫ್ಟ್‌ವೇರ್ ಏಬಲ್‌ಟನ್ ಲೈವ್ ಆದರೆ ಲೂಪ್ ಉದ್ದ 0.3.2 (0 ಬಾರ್, 3 ಬೀಟು, 2 ಮನೆ). ಚೆಂಡೆಯ ಗಟ್ಟಿ ಪೆಟ್ಟು 1 ಮತ್ತು 7ನೇ ಮನೆಗೆ.

ಈಗ ಕೇಳಿ. ಎರಡನೇ ಸುತ್ತಿನ 'ತ' ಬಾರ್‌ಗಿಂತ ಅರ್ಧ ಬೀಟು ಮೊದಲೇ ಬೀಳುತ್ತದೆ, ಮೂರನೆಯದು ಒಂದು ಬೀಟು ಮೊದಲು. ಬೆಸ ಸುತ್ತುಗಳ 'ತ' ಕಿಕ್ ಮೇಲೆ, ಸರಿ ಸುತ್ತುಗಳದ್ದು ಎರಡು ಕಿಕ್‌ಗಳ ನಡುವೆ. 56 ಅಕ್ಷರ, ಅಂದರೆ 7 ಬಾರ್, 14 ಸೆಕೆಂಡಿಗೆ ಎರಡೂ ಮತ್ತೆ ಕೂಡುತ್ತವೆ. ಬಾಸ್‌ನ ಬದಲಾವಣೆ, ಹೊಸ ವಾದ್ಯದ ಪ್ರವೇಶ ಅಲ್ಲೇ ಇಡಿ.

ಮೂರನೇ ಪದರಕ್ಕೆ ಐದಕ್ಷರ ಸೇರಿಸುವ ಆಸೆ ಬರುತ್ತದೆ. ಆಗ ಮೂರೂ ಕೂಡಲು 280 ಅಕ್ಷರ, 70 ಸೆಕೆಂಡು ಬೇಕು. ಅಷ್ಟರಲ್ಲಿ ಕೇಳುಗರಿಗೆ ಸುತ್ತಿನ ಮೊದಲೆಲ್ಲಿ ಎಂಬ ಲೆಕ್ಕ ತಪ್ಪಿರುತ್ತದೆ. ಹದಿನಾಲ್ಕಕ್ಷರದ ಅಷ್ಟತಾಳ ಹಾಕಿ. ಅದೂ ಅದೇ 56ಕ್ಕೆ ಬಂದು ಕೂಡುತ್ತದೆ, ನಡುವೆ ಮಾತ್ರ ಸಾಕಷ್ಟು ಚೆಲುವಾಗಿ ಕಾಡುತ್ತದೆ.

ಪಾಲಿರಿದಂ ಇದಲ್ಲ. ಅಲ್ಲಿ ಉದ್ದ ಒಂದೇ, ಪಾಲು ಬೇರೆ. ನಾಲ್ಕಕ್ಕೆ ಮೂರು ಬೇಕಿದ್ದರೆ ಗ್ರಿಡ್ಡನ್ನು ಟ್ರಿಪ್ಲೆಟ್‌ಗೆ (ಬೀಟಿಗೆ ಮೂರು ಪಾಲು) ತನ್ನಿ: ಬಾರ್‌ಗೆ 12 ಮನೆ, ಕಿಕ್ 1, 4, 7, 10ಕ್ಕೆ, ತಾಳದ ಪೆಟ್ಟು 1, 5, 9ಕ್ಕೆ. ಹದಿನಾರರ ಗ್ರಿಡ್ಡಿನಲ್ಲೇ ಕ್ವಾಂಟೈಸ್ ಮಾಡಿದರೆ (ಪೆಟ್ಟನ್ನು ಹತ್ತಿರದ ಮನೆಗೆ ಎಳೆದರೆ) ಅಂತರ 5, 6, 5 ಮನೆಯಾಗಿ ಮೂರು ಪಾಲು ಸಮನಾಗುವುದಿಲ್ಲ.

ನುಡಿಸುವಾಗ ಏಳರ ಕ್ಲಿಪ್ ನಿಲ್ಲಿಸಿ ಮತ್ತೆ ಹಚ್ಚಬೇಡಿ. ಲಾಂಚ್ ಕ್ವಾಂಟೈಸ್ ಅದನ್ನು ಮುಂದಿನ ಬಾರ್‌ನ ತಲೆಗೆ ತಂದು ಕೂರಿಸುತ್ತದೆ, ಕಟ್ಟಿದ ಲೆಕ್ಕ ಹೋಯಿತು. ಎಲ್ಲವನ್ನೂ ಒಟ್ಟಿಗೆ ಹೊರಡಿಸಿ, ಬೇಡದ್ದನ್ನು ಮ್ಯೂಟ್ ಮಾಡಿ.

ನಿಜವಾದ ಮದ್ದಳೆ ರೆಕಾರ್ಡ್ ಮಾಡುವುದಾದರೆ ಎಲ್ಲ ಪದರವನ್ನೂ ಒಂದೇ ಕೂರಿಕೆಯಲ್ಲಿ ಮುಗಿಸಿ; ಕರಾವಳಿಯ ಮಳೆಗಾಲದಲ್ಲಿ ಚರ್ಮ ತೇವ ಹೀರಿ ಶ್ರುತಿ ಇಳಿಯುತ್ತದೆ. ಮೂರು ಸುತ್ತು ನುಡಿಸಿ, ಎರಡನೆಯದನ್ನು ಕತ್ತರಿಸಿಕೊಳ್ಳಿ. ಹಿಂದಿನ ಸುತ್ತಿನ ನಾದದ ಬಾಲ ಅದರ ಆರಂಭದಲ್ಲೇ ಇರುವುದರಿಂದ ಲೂಪ್ ತಿರುಗುವಾಗ ನಾದ ತುಂಡಾಗದು. ಆದರೂ ಟಿಕ್ ಎಂದರೆ ಅಂಚಿಗೆ 5 ಮಿಲಿಸೆಕೆಂಡ್ ಕ್ರಾಸ್‌ಫೇಡ್ (ಒಂದು ತಗ್ಗುತ್ತ ಇನ್ನೊಂದು ಏರುವಂತೆ ಬೆಸೆಯುವುದು) ಸಾಕು.