ಕ್ಲಿನಿಕ್ಕಿನ ಕಾಗದದ ಹೊರೆ ಇಳಿಸಿದ್ದು ಹೀಗೆ

ದಕ್ಷಿಣ ಕೊಡಗಿನಲ್ಲಿ, ಗೋಣಿಕೊಪ್ಪದ ಆಸುಪಾಸಿನಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್. ನಾನು, ಒಬ್ಬರು ಸಿಸ್ಟರ್, ಒಬ್ಬ ಕಾಂಪೌಂಡರ್, ಅಷ್ಟೇ. ಕಾಗದದ ಕೆಲಸ ಜಾಸ್ತಿ ಅಂದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಸಾಫ್ಟ್‌ವೇರ್ ಹಾಕಿಸಿ. ನನ್ನ ಮೇಜಿನ ಮೇಲೂ ಕಂಪ್ಯೂಟರ್ ಇದೆ. ಆದರೆ ಹೊರೆ ಇಳಿದದ್ದು ಅದರಿಂದಲ್ಲ. ಕಾಗದ ಕೇಳುವವರ ಹತ್ತಿರವೇ ಹೋಗಿ ಮಾತಾಡಿದ್ದರಿಂದ.

ಮೊದಲು ಸ್ವಲ್ಪ ಕಾಲ ಒಂದು ಹಾಳೆ ಇಟ್ಟೆ. ನಾನು ಸಹಿ ಹಾಕುವ ಪ್ರತಿ ಕಾಗದವನ್ನೂ ಯಾರು ಕೇಳಿದ್ದು ಅಂತ ಅದರಲ್ಲಿ ಗುರುತು ಮಾಡಿದೆ. ಸರ್ಕಾರದ ರಿಜಿಸ್ಟರುಗಳದ್ದೇ ಕಾಟ ಅಂದುಕೊಂಡಿದ್ದೆ. ನೋಡಿದರೆ ಹೆಚ್ಚಿನವು ರಜೆಯ ಸರ್ಟಿಫಿಕೇಟುಗಳು. ಎರಡು ದಿನ ಜ್ವರ ಬಂದ ಮಗುವಿಗೆ ಸ್ಕೂಲಿನವರು ಕೇಳಿದ್ದು, ಒಂದು ದಿನ ಸೊಂಟ ಹಿಡಿದು ಮಲಗಿದವರಿಗೆ ತೋಟದವರು ಕೇಳಿದ್ದು. ಡಿಸೆಂಬರಿನಿಂದ ಫೆಬ್ರವರಿವರೆಗೆ, ಕಾಫಿ ಕುಯ್ಲಿನ ಹೊತ್ತಿಗೆ, ಇದು ವಿಪರೀತ. ಬಂದವರಿಗೆ ಔಷಧಿ ಬೇಡ, ಚೀಟಿ ಸಾಕು. ನಿಜವಾಗಿ ಜ್ವರದಲ್ಲಿ ನಡುಗುವವರು ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ.

ಸುಮ್ನೆ ಗೀಚಿ ಕೊಡುವ ಕಾಗದವೂ ಅಲ್ಲ ಇದು. 2002ರ ವೈದ್ಯಕೀಯ ಮಂಡಳಿಯ ನಿಯಮದ ಪ್ರಕಾರ ಸರ್ಟಿಫಿಕೇಟಿಗೆ ಬೇರೆಯೇ ರಿಜಿಸ್ಟರ್ ಇಡಬೇಕು. ರೋಗಿಯ ವಿಳಾಸ, ದೇಹದ ಮೇಲಿನ ಒಂದು ಗುರುತು, ಸಹಿ ಅಥವಾ ಹೆಬ್ಬೆಟ್ಟು ಇರಬೇಕು, ನಕಲು ನಮ್ಮಲ್ಲಿ ಉಳಿಯಬೇಕು. ಒಂದು ದಿನದ ಸೊಂಟನೋವಿಗೆ ಇಷ್ಟೆಲ್ಲಾ!

ಹತ್ತಿರದ ತೋಟಗಳ ರೈಟರ್‌ಗಳನ್ನು ಒಬ್ಬೊಬ್ಬರನ್ನಾಗಿ ಕಂಡೆ. ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ ಪುಸ್ತಕ, ಬರೆಯುವವರು ಅವರೇ ತಾನೇ. ಒಂದೆರಡು ದಿನದ ಗೈರಿಗೆ ಡಾಕ್ಟರ್ ಚೀಟಿ ಕೇಳಬೇಡಿ, ಮೂರನೇ ದಿನವೂ ಏಳಲಾಗದಿದ್ದರೆ ಖಂಡಿತ ನನ್ನ ಹತ್ತಿರ ಕಳಿಸಿ ಅಂದೆ. “ಹಾಗೆ ಬಿಟ್ಟರೆ ಎಲ್ಲರೂ ರಜೆ ಹಾಕ್ತಾರೆ ಡಾಕ್ಟ್ರೇ” ಅಂತ ಒಬ್ಬರು ತಕರಾರು ತೆಗೆದರು. “ತೋಟದ ಲೈನ್ ಮನೆಯಿಂದ ಇಲ್ಲಿಗೆ ಜೀಪಿಗೆ ದುಡ್ಡು ಕೊಟ್ಟು ಬಂದು ಕಾಯೋದರಲ್ಲಿ ಇನ್ನೊಂದು ದಿನದ ಕೆಲಸವೂ ಹೋಗುತ್ತೆ, ಅದು ನಿಮಗೆ ಲಾಭವಾ?” ಅಂದೆ. ಅದು ಅವರಿಗೆ ಹಿಡಿಸಿತು. ಎಲ್ಲರೂ ಒಪ್ಪಲಿಲ್ಲ, ಒಪ್ಪಿದವರಿಂದಲೇ ಬಹಳ ಹಗುರಾಯಿತು. ಕಾಯಿಲೆ ಭತ್ಯೆ ಸಿಗಬೇಕಾದ ಕಡೆ ಮಾತ್ರ ನಾನೇ ಬರೆದುಕೊಡುತ್ತೇನೆ. ಅಲ್ಲಿ ಕಾಗದ ಉಳಿಸಲು ಹೋದರೆ ಬಡವರ ದುಡ್ಡು ಹೋಗುತ್ತದೆ. ಸ್ಕೂಲಿನ ಹೆಡ್‌ಮಾಸ್ಟರ್ ಇನ್ನೂ ಬೇಗ ಒಪ್ಪಿದರು. ಈಗ ಸಣ್ಣ ಜ್ವರಕ್ಕೆ ಅಪ್ಪ ಅಮ್ಮ ಡೈರಿಯಲ್ಲಿ ಬರೆದರೆ ಸಾಕು.

ಬರೆಯಲೇಬೇಕಾದದ್ದಕ್ಕೆ ಪ್ರೆಸ್ಸಿನಲ್ಲಿ ಕಾರ್ಬನ್ ಪುಸ್ತಕ ಮಾಡಿಸಿದೆ. ನನ್ನ ನೋಂದಣಿ ಸಂಖ್ಯೆ, ವಿಳಾಸ ಅಚ್ಚಾಗಿಯೇ ಇವೆ. ಹೆಸರು, ಊರು, ಗುರುತು, ಹೆಬ್ಬೆಟ್ಟು ಎಲ್ಲವನ್ನೂ ಸಿಸ್ಟರ್ ಹೊರಗೇ ಮುಗಿಸುತ್ತಾರೆ. ನಾನು ರೋಗ, ತಾರೀಖು ಬರೆದು ಸಹಿ ಹಾಕುತ್ತೇನೆ. ಪುಸ್ತಕದಲ್ಲಿ ಉಳಿಯುವ ಕಾರ್ಬನ್ ಪ್ರತಿಯೇ ರಿಜಿಸ್ಟರ್. ಕಕ್ಕಡ ತಿಂಗಳ ಜಡಿಮಳೆಯಲ್ಲಿ ದಿನಗಟ್ಟಲೆ ಕರೆಂಟಿಲ್ಲದಿದ್ದರೂ ಇದು ನಿಲ್ಲುವುದಿಲ್ಲ.

ಬಿಪಿ, ಶುಗರ್ ಇರುವವರ ಫೈಲುಗಳನ್ನು ಕ್ಲಿನಿಕ್ಕಿನಲ್ಲಿ ಇಡುವುದನ್ನೇ ಬಿಟ್ಟೆ. ಪ್ಲಾಸ್ಟಿಕ್ ಕವರ್ ಹಾಕಿದ ನೋಟ್‌ಬುಕ್ ಅವರ ಕೈಯಲ್ಲೇ ಇರುತ್ತದೆ. ಮಡಿಕೇರಿಗೋ ಮೈಸೂರಿಗೋ ಕಳಿಸುವಾಗ ಹಳೇ ಕಥೆಯನ್ನೆಲ್ಲ ಮತ್ತೆ ಬರೆಯಬೇಕಿಲ್ಲ. ಯಾಕೆ ಕಳಿಸುತ್ತಿದ್ದೇನೆ ಅಂತ ಎರಡು ಸಾಲು ಅದರಲ್ಲೇ ಬರೆದರಾಯಿತು.

ಸೂಜಿ, ಬ್ಯಾಂಡೇಜಿನಂಥ ವೈದ್ಯಕೀಯ ತ್ಯಾಜ್ಯದ ಲೆಕ್ಕ ಕಾಂಪೌಂಡರ್‌ದು. ಹಳದಿ, ಕೆಂಪು, ಬಿಳಿ, ನೀಲಿ ಅಂತ ಡಬ್ಬಿಯ ಬಣ್ಣಕ್ಕೊಂದರಂತೆ ನಾಲ್ಕು ಕಾಲಮ್ಮಿನ ಹಾಳೆಯನ್ನು ಡಬ್ಬಿಗಳ ಮೇಲೆಯೇ ತೂಗುಹಾಕಿದ್ದೇವೆ. ಅಲ್ಲೇ ತೂಗಿ ಅಲ್ಲೇ ಬರೆಯುತ್ತಾನೆ. ಹಿಂದಿನ ವರ್ಷದ ವರದಿ ಕಳಿಸಲು ಜೂನ್ 30 ಕೊನೆಯ ದಿನ. ನಮ್ಮಲ್ಲಿ ಜೂನ್ ಅಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಲೆಕ್ಕ ಡಿಸೆಂಬರಿಗೇ ಮುಗಿದಿರುತ್ತದಲ್ವಾ? ಹಾಗಾಗಿ ಕುಯ್ಲಿನ ಗಡಿಬಿಡಿ ಕಳೆದು ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಹೊತ್ತಿಗೇ ಕಳಿಸಿಬಿಡುತ್ತೇವೆ.

ಎರಡು ಕಾಗದಗಳನ್ನು ಮಾತ್ರ ಬೇರೆಯವರಿಗೆ ಬಿಡುವುದಿಲ್ಲ. ಒಂದು, ಟಿಬಿ. 2012ರಿಂದ ಖಾಸಗಿ ಡಾಕ್ಟರುಗಳೂ ಟಿಬಿ ರೋಗಿಗಳ ಮಾಹಿತಿ ಕೊಡಲೇಬೇಕು. ಸರ್ಕಾರದ ಟಿಬಿ ಪೋರ್ಟಲ್ ನಿಕ್ಷಯ್‌ನಲ್ಲಿ ಹೆಸರು ಏರಿದರೆ ತಾನೇ ರೋಗಿಗೆ ಪೌಷ್ಟಿಕ ಆಹಾರಕ್ಕೆ ತಿಂಗಳ ಸಾವಿರ ರೂಪಾಯಿ ಬರುವುದು. ಇನ್ನೊಂದು, ಮನೆಯಲ್ಲಿ ತೀರಿಕೊಂಡವರ ಸಾವಿನ ಕಾರಣ ಬರೆದುಕೊಡುವ ನಮೂನೆ 4ಎ. ಇದಕ್ಕೆ ಫೀಸ್ ತೆಗೆದುಕೊಳ್ಳುವಂತಿಲ್ಲ. ಖಾಲಿ ಫಾರಂಗಳು ನನ್ನ ವಿಸಿಟ್ ಬ್ಯಾಗಿನಲ್ಲೇ ಇರುತ್ತವೆ. ನಾನೇ ನೋಡುತ್ತಿದ್ದ ರೋಗಿಯಾದರೆ ಅಲ್ಲೇ ತುಂಬಿ ಕೊಟ್ಟು, 21 ದಿನದೊಳಗೆ ಸಾವನ್ನು ನೋಂದಾಯಿಸಿ ಅಂತ ಹೇಳಿ ಬರುತ್ತೇನೆ. ‘ಹೃದಯ ನಿಂತಿತು’ ಅಂತ ಬರೆಯುವುದಿಲ್ಲ, ಅದು ಎಲ್ಲರಿಗೂ ನಿಲ್ಲುತ್ತದೆ. ನಿಲ್ಲಲು ಯಾವ ಕಾಯಿಲೆ ಕಾರಣ ಅನ್ನುವುದನ್ನು ಮೊದಲ ಸಲವೇ ಸರಿಯಾಗಿ ಬರೆದರೆ, ದುಃಖದಲ್ಲಿರುವ ಮನೆಯವರು ತಿದ್ದುಪಡಿಗೆ ಮತ್ತೆ ಬರಬೇಕಾಗಿಲ್ಲ.

ಇನ್ನೂ ಬಗ್ಗದಿರುವುದು ಇನ್ಶೂರೆನ್ಸ್ ಫಾರಂಗಳು. ಕಂಪನಿಗೊಂದು ನಮೂನೆ, ಕೇಳುವುದೆಲ್ಲ ಅದೇ ಪ್ರಶ್ನೆ. ಅವನ್ನು ಬೆಳಗ್ಗೆ ಮುಟ್ಟುವುದಿಲ್ಲ. ಸಿಸ್ಟರ್ ಒಂದು ಟ್ರೇನಲ್ಲಿ ಕೂಡಿಡುತ್ತಾರೆ, ಊಟವಾದ ಮೇಲೆ ಒಟ್ಟಿಗೆ ಬರೆಯುತ್ತೇನೆ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ತಾರದವರ ಫಾರಂ ಆ ಟ್ರೇಗೆ ಬರುವುದೇ ಇಲ್ಲ.