ಸ್ವಾಮಿಮಲೈಯಲ್ಲಿ ಎರಕ ನೋಡಿದ ಅನುಭವ

ಎರಕಶಾಲೆಗೆ ಹೋಗುವವರೆಲ್ಲ ಕಾಯುವುದು ಕರಗಿದ ಲೋಹವನ್ನು ಹೊಯ್ಯುವ ಗಳಿಗೆಗೆ. ತಮಿಳುನಾಡಿನ ಕುಂಭಕೋಣದ ಬಳಿ, ಕಂಚಿನ ದೇವರ ಮೂರ್ತಿಗಳನ್ನು ಎರಕ ಹೊಯ್ಯುವ ಸ್ವಾಮಿಮಲೈಗೆ ನಾನು ಹೋದದ್ದೂ ಅದಕ್ಕಾಗಿಯೇ. ಆದರೆ ಜೇಡಿಮಣ್ಣಿನಲ್ಲಿ ಶಿಲ್ಪ ಮಾಡುವ ನನ್ನ ಗಮನವೆಲ್ಲ ಹೋದದ್ದು ಅಚ್ಚು ಕಟ್ಟುವವರ ಕಡೆಗೆ.

ಜೇನುಮೇಣಕ್ಕೆ ರಾಳವನ್ನೂ ಸ್ವಲ್ಪ ಕಡಲೆಕಾಯಿ ಎಣ್ಣೆಯನ್ನೂ ಬೆರೆಸಿ ಮೂರ್ತಿಯನ್ನು ರೂಪಿಸಿದ ಮೇಲೆ, ಅದಕ್ಕೆ ಕಾವೇರಿಯ ನುಣುಪಾದ ಮೆಕ್ಕಲು ಮಣ್ಣಿನ ಮೊದಲ ಲೇಪ ಬೀಳುತ್ತದೆ. ಸ್ಥಪತಿಯೊಬ್ಬರು, ಎಂದರೆ ಮೂರ್ತಿ ಮಾಡುವ ಶಿಲ್ಪಿಯೊಬ್ಬರು, ಅದನ್ನು ಮೇಣದ ಬೆರಳ ಸಂದುಗಳಿಗೆ, ಕಿರೀಟದ ಗೆರೆಗಳಿಗೆ ಗಾಳಿಗುಳ್ಳೆ ಉಳಿಯದಂತೆ ಸವರುತ್ತಿದ್ದರು. ಮೇಣದ ಮೇಲಿನ ಗೆರೆ ಲೋಹಕ್ಕೆ ಇಳಿಯುವುದು ಈ ಲೇಪದ ಮೂಲಕವೇ ಆದ್ದರಿಂದ, ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದೇ. ಮೇಲಿನ ಲೇಪಗಳಲ್ಲಿ ಗದ್ದೆಮಣ್ಣು, ಮರಳು ಸೇರಿ ಒರಟಾಗುತ್ತವೆ. ದೊಡ್ಡ ಅಚ್ಚಾದರೆ ಕಬ್ಬಿಣದ ತಂತಿಯನ್ನೂ ಬಿಗಿಯುತ್ತಾರೆ. ಒಂದು ಲೇಪ ನೆರಳಿನಲ್ಲಿ ಒಣಗದ ಹೊರತು ಇನ್ನೊಂದಿಲ್ಲ. ಅವಸರದವರಿಗೆ ಈ ಕಸುಬು ಒಗ್ಗುವುದಿಲ್ಲ.

ಮೇಣವನ್ನು ಮೊದಲೇ ತೂಗಿ, ಅದರ ಸುಮಾರು ಎಂಟು-ಹತ್ತು ಪಟ್ಟು ಲೋಹವನ್ನು ಮೂಸೆಗೆ, ಎಂದರೆ ಲೋಹ ಕರಗಿಸುವ ಪಾತ್ರೆಗೆ, ಹಾಕುತ್ತಾರೆ. ಹೀಗೆ ತೂಗಿ ಲೆಕ್ಕ ಹಾಕುವ ಕ್ರಮವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿಯೇ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಬರೆದಿಟ್ಟಿದ್ದಾನೆಂಬುದು ಕನ್ನಡಿಗರಾದ ನಾವು ನೆನೆಯಬೇಕಾದ ಸಂಗತಿ.

ಅಚ್ಚನ್ನು ಬೆರಣಿಯ ಬೆಂಕಿಯಲ್ಲಿ ಕಾಯಿಸಿದಾಗ ಮೇಣ ಕರಗಿ ಹೊರಗೆ ಹರಿದುಹೋಗುತ್ತದೆ; ಅದು ಬಿಟ್ಟ ಟೊಳ್ಳಿಗೇ ಲೋಹವನ್ನು ಹೊಯ್ಯುವುದು. ಒಳಗೆ ಒಂದಿಷ್ಟು ತೇವ ಉಳಿದರೂ ಅದು ಹಬೆಯಾಗಿ ಲೋಹವನ್ನು ಮೇಲಕ್ಕೆ ಚಿಮ್ಮಿಸುವ ಅಪಾಯವಿದೆ; ಅಚ್ಚು ತಣ್ಣಗಿದ್ದರೆ ಲೋಹವು ತುದಿಬೆರಳನ್ನು ತಲುಪುವ ಮೊದಲೇ ಹೆಪ್ಪುಗಟ್ಟುತ್ತದೆ. ಆದ್ದರಿಂದಲೇ ಅಚ್ಚನ್ನು ಚೆನ್ನಾಗಿ ಕಾಯಿಸಿ, ಬಾಯಿ ಮೇಲಾಗಿರುವಂತೆ ನೆಲದಲ್ಲಿ ಹೂತು, ಬಿಸಿ ಆರುವ ಮುನ್ನವೇ ಹೊಯ್ಯುತ್ತಾರೆ. ಕಂಚಿನಲ್ಲಿ ಹೆಚ್ಚಿನ ಪಾಲು ತಾಮ್ರವೇ; ಅದು ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ಕುಲುಮೆಯ ಝಳಕ್ಕೆ ನಾನು ಹಿಂದೆ ಸರಿದೇ ನಿಂತಿದ್ದೆ. ಇಬ್ಬರು ಇಕ್ಕಳದಲ್ಲಿ ಮೂಸೆಯನ್ನೆತ್ತಿ, ಧಾರೆ ಎಲ್ಲಿಯೂ ಕಡಿಯದಂತೆ, ಗಾಳಿ ಹೊರಬರುವ ಇನ್ನೊಂದು ರಂಧ್ರದಲ್ಲಿ ಲೋಹ ಕಾಣಿಸಿಕೊಳ್ಳುವವರೆಗೂ ಸುರಿದರು. ನೋಡನೋಡುತ್ತಲೇ ಮುಗಿದುಹೋಯಿತು.

ಆರಿದ ಮೇಲೆ ಅಚ್ಚನ್ನು ಒಡೆಯಲೇಬೇಕಾದ್ದರಿಂದ ಒಂದು ಅಚ್ಚಿಗೆ ಒಂದೇ ಮೂರ್ತಿ. ಹೊರಬಂದದ್ದು ಮಸಿ ಹಿಡಿದ, ಲೋಹ ಹರಿದ ನಾಳಗಳಲ್ಲಿ ಹೆಪ್ಪುಗಟ್ಟಿದ ಕಡ್ಡಿಗಳು ಇನ್ನೂ ಅಂಟಿಕೊಂಡಿದ್ದ ಒರಟು ಗಟ್ಟಿ. ಆ ಕಡ್ಡಿಗಳನ್ನು ಕತ್ತರಿಸಿ, ಅರದಿಂದ ಉಜ್ಜಿ, ಆಭರಣದ ಕುಸುರಿಯನ್ನು ಉಳಿಯಲ್ಲಿ ಬಿಡಿಸುವ ಕೆಲಸಕ್ಕೆ ಎರಕಕ್ಕಿಂತ ಎಷ್ಟೋ ಹೆಚ್ಚು ದಿನ ಹಿಡಿಯುತ್ತದೆ. ನೋಡಲು ಹೋಗುವವರು ಈ ಕೆಲಸ ನಡೆಯುವ ಜಗಲಿಯಲ್ಲಿಯೂ ಸಾಕಷ್ಟು ಹೊತ್ತು ಕೂರುವುದು ಒಳ್ಳೆಯದು.