ಬಿಳಿ ಬಣ್ಣದಡಿ ನೀಲಿ: ನನ್ನ ಕ್ಯಾಮಿಯೊ ಪಿಕಪ್

ಅಮೆರಿಕದ ಓಹಾಯೊ ರಾಜ್ಯದ ಹಳ್ಳಿಯೊಂದರ ಕೊಟ್ಟಿಗೆಯಲ್ಲಿ ಷೆವ್ರೊಲೆ ಕಂಪನಿಯ ಆ ಪಿಕಪ್ ನಿಂತಿತ್ತು. ‘ಕ್ಯಾಮಿಯೊ ಕ್ಯಾರಿಯರ್, 1955, ಮೊದಲ ವರ್ಷದ್ದು’ ಅಂದ ಮಾರುವವ. ಬಣ್ಣವೂ ತಾಳೆಯಾಗುತ್ತಿತ್ತು. ಆ ವರ್ಷ ಕ್ಯಾಮಿಯೊ ಬಂದದ್ದು ಬಿಳಿ-ಕೆಂಪು ಜೋಡಿಯಲ್ಲಿ ಮಾತ್ರ; ಆ ಬಿಳಿಗೆ ಕಂಪನಿ ಇಟ್ಟ ಹೆಸರು ‘ಬಾಂಬೆ ಐವರಿ’. ಹೆಸರು ಕೇಳಿಯೇ ನಾನು ಅರ್ಧ ಸೋತಿದ್ದೆ.

ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ ಬೆರಳ ಗೆಣ್ಣಿನಿಂದ ತಟ್ಟಿದೆ. ಬಾಗಿಲು ‘ಟಣ್’ ಅಂದಿತು, ಹಿಂದಿನ ಪಕ್ಕೆ ‘ಟೊಕ್’. ಫೈಬರ್‌ಗ್ಲಾಸ್, ಸರಿ. ಕ್ಯಾಮಿಯೊದ ಗುಟ್ಟೇ ಇದು: ಒಳಗಿರುವುದು ಮಾಮೂಲಿ ಆರೂವರೆ ಅಡಿಯ ಕಬ್ಬಿಣದ ತೊಟ್ಟಿ, ಅದರ ಹೊರಗೆ ಕ್ಯಾಬಿನ್‌ನಷ್ಟೇ ಅಗಲಕ್ಕೆ ಬೋಲ್ಟ್ ಹಾಕಿ ಕೂರಿಸಿದ ಫೈಬರ್‌ಗ್ಲಾಸ್ ಪಕ್ಕೆ. ಉಬ್ಬಿದ ಮಡ್‌ಗಾರ್ಡ್ ಇಲ್ಲದ್ದರಿಂದ ಕಾರಿನಂತೆ ಕಾಣುತ್ತದೆ. ಆ ಪಕ್ಕೆಗಳನ್ನು ಮಾಡಿದ್ದು ಇದೇ ಓಹಾಯೊದ ಆಷ್ಟಬ್ಯುಲಾದಲ್ಲಿ, ಷೆವ್ರೊಲೆಯ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನ ಬಾಡಿ ಭಾಗಗಳನ್ನು ಮಾಡಿದ ಕಂಪನಿಯೇ.

ಮನೆಗೆ ತಂದು ಮುಂದಿನ ಫೆಂಡರ್ ಉಜ್ಜತೊಡಗಿದಾಗ ಬಿಳಿಯ ಕೆಳಗೆ ನೀಲಿ ಕಂಡಿತು. ಇನ್ನಷ್ಟು ಉಜ್ಜಿದೆ. ಫೆಂಡರ್‌ನ ತಗಡಿನಲ್ಲಿ ಉದ್ದಕ್ಕೆ ಮೂಡಿಸಿದ ಗೆರೆಯ ಮೇಲ್ಗಡೆ, ಪುಟ್ಟಿ ತುಂಬಿ ಮುಚ್ಚಿದ ತೂತುಗಳು! 1955ರಲ್ಲಿ ಲಾಂಛನ ಇರುವುದು ಆ ಗೆರೆಯ ಕೆಳಗೆ, 1956ರಲ್ಲಿ ಮೇಲೆ. ಬೇರೆ ಬಣ್ಣಗಳು ಸಿಕ್ಕಿದ್ದೂ 1956ರಿಂದಲೇ. ಯಾರೋ ಪುಣ್ಯಾತ್ಮ 56ನ್ನು 55 ಮಾಡಿಬಿಟ್ಟಿದ್ದ.

ನಗು ಬಂದದ್ದು ಲೆಕ್ಕ ನೋಡಿದ ಮೇಲೆ. 1955ರಲ್ಲಿ ತಯಾರಾದ ಕ್ಯಾಮಿಯೊ 5,220. 1956ರಲ್ಲಿ ಬರೀ 1,452. ಆಮೇಲೆ 2,244, ಕೊನೆಯ 1958ರಲ್ಲಿ 1,405. ಆ ವರ್ಷ ಷೆವ್ರೊಲೆಯದೇ ಫ್ಲೀಟ್‌ಸೈಡ್ ಪಿಕಪ್, ಪಕ್ಕೆಯೂ ಉಕ್ಕಿನದೇ ಆದದ್ದು, ಬಂದು ಇದರ ಕಥೆ ಮುಗಿಯಿತು. ಅಂದರೆ ಅಪರೂಪದ್ದನ್ನು ಕಷ್ಟಪಟ್ಟು ಸಾಮಾನ್ಯದ್ದು ಮಾಡಿದ್ದಾನೆ ಆಸಾಮಿ! ಸಂಖ್ಯೆಗಿಂತ ‘ಮೊದಲನೆಯದು’ ಅನ್ನುವ ಮಾತಿಗೇ ಜನ ಹೆಚ್ಚು ದುಡ್ಡು ಕೊಡುತ್ತಾರೆ, ಇರಲಿ.

55ರ ಲಾಂಛನ ಕೂರಿಸಲು ಅವನು ಗೆರೆಯ ಕೆಳಗೆ ಕೊರೆದಿದ್ದ ತೂತುಗಳಿಗೆ ವೆಲ್ಡಿಂಗ್ ಹಾಕಿಸಿದೆ. ಪಕ್ಕೆಯ ಬೋಲ್ಟುಗಳ ಸುತ್ತ ಜೇಡರಬಲೆಯಂಥ ಬಿರುಕುಗಳಿದ್ದವು. ಅದಕ್ಕೆ ಮೇಲಿಂದ ಪುಟ್ಟಿ ಬಳಿದರೆ ಒಂದೇ ವರ್ಷಕ್ಕೆ ಮತ್ತೆ ಬಾಯಿ ಬಿಡುತ್ತದೆ. ಬಿರುಕನ್ನು ಇಳಿಜಾರಾಗಿ ಉಜ್ಜಿ ತೆಗೆದು, ಗಾಜಿನ ನಾರಿನ ಮ್ಯಾಟ್ ಹಾಸಿ ರೆಸಿನ್ ಅನ್ನುವ ಅಂಟು ದ್ರವ ಕುಡಿಸಬೇಕು. ನವೆಂಬರ್ ಚಳಿ, ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಅಂದಾಜಿಗೆ ಸುರಿದೆ. ಎರಡು ನಿಮಿಷದಲ್ಲಿ ಡಬ್ಬಿ ಕೈ ಸುಟ್ಟಿತು, ಹೊಗೆ ಬಂತು, ಬ್ರಷ್ ಒಳಗೇ ಕಲ್ಲಾಯಿತು. ಅಂದಿನಿಂದ ತಕ್ಕಡಿ ಇಲ್ಲದೆ ಬೆರೆಸುವುದಿಲ್ಲ.

ನೀಲಿ ಬಣ್ಣ ಹೊಡೆಸಿ ಆಯಿತು. ಲಾಂಛನ ಗೆರೆಯ ಮೇಲಿದೆ. ಹಿಂದಿನ ಬಂಪರ್‌ನ ನಡುಭಾಗ ತೆರೆದರೆ ಸ್ಪೇರ್ ಚಕ್ರದ ಗೂಡು; ಆ ಮುಚ್ಚಳ ಮಾತ್ರ ಇನ್ನೂ ಒಂದು ಬದಿ ಎದ್ದೇ ಕೂರುತ್ತಿದೆ.